ಗುತ್ತಿಯ ಮುರಾರಿರಾಯ

ನಮ್ಮ ಕೈವಾರದ ಸುತ್ತಣ ಸೀಮೆ ಬೆಟ್ಟದ ಸೀಮೆ. ಕಣ್ಣು ಹಾಯಿಸಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ಕಲ್ಲುಗುಡ್ಡ. ಅದರ ನೆತ್ತಿಯಲ್ಲಿ ಒಂದು ಹಾಳುಗೋಡೆ. ರಹಮಾನ್‌ಗಡ, ಅಂಬಾಜಿದುರ್ಗ, ಗುಡಿಬಂಡೆ, ಇವೆಲ್ಲಕ್ಕೂ ಹಿರಿಯನಾದ ನಂದಿದುರ್ಗ. ಭೀಮನು ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ನಮ್ಮ ಜನ ಹೇಳುತ್ತಾರೆ. ಮಕ್ಕಳೂ ಆ ಕಥೆಯನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಈ ಗೋಡೆಗಳನ್ನು ಕಟ್ಟಿದವರಾರು, ಹತ್ತಿದವರಾರು, ಕಳೆದುಕೊಂಡವರಾರು ಎಂದು ಕೇಳಿದರೆ ಬರುವ ಉತ್ತರ ಎರಡೇ ಹೆಸರು: ಹೈದರ, ಟಿಪ್ಪು. ಹೈದರನು ಹುಟ್ಟಿದ ಬೂದಿಕೋಟೆ ನಮ್ಮ ನೆರೆಯದೇ ಆದ್ದರಿಂದ ಈ ಉತ್ತರ ಸಹಜವೇ. ಆದರೂ ವಾಚಕರೇ, ಅದು ಅರ್ಧ ಉತ್ತರ. ಹೈದರನಿಗೆ ಎದುರಾಗಿ ಹದಿನೈದು ವರ್ಷಗಳ ಕಾಲ ಈ ಬಯಲಿನಲ್ಲಿ ಕುದುರೆ ಓಡಿಸಿದ ಇನ್ನೊಬ್ಬ ಪುರುಷನಿದ್ದನು. ಅವನು ಗುತ್ತಿಯ ದುರ್ಗಾಧಿಪತಿ ಮುರಾರಿರಾವ್ ಘೋರ್ಪಡೆ. ನಮ್ಮ ಹಿರಿಯರ ಬಾಯಲ್ಲಿ ಮುರಾರಿರಾಯ.

ಮರಾಠರು ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಮೊದಲು ಹೇಳಬೇಕು. ಶಿವಾಜಿಯ ತಂದೆ ಷಹಾಜಿಗೆ ಬಿಜಾಪುರದ ಸುಲ್ತಾನನು ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳನ್ನು ಜಹಗೀರಾಗಿ ಕೊಟ್ಟಿದ್ದನು. ಅಂದಿನಿಂದ ಮರಾಠಿ ಲೆಕ್ಕದ ಕಡತವೂ ಮರಾಠಿ ಹೆಸರೂ ಈ ನಾಡಿನಲ್ಲಿ ಬೇರೂರಿದುವು. ನಮ್ಮ ತಾಲ್ಲೂಕಿನ ಕಸಬೆಯಾದ ಚಿಂತಾಮಣಿಗೆ ಆ ಹೆಸರು ಬಂದದ್ದೇ ಚಿಂತಾಮಣಿರಾವ್ ಎಂಬ ಮರಾಠ ಸರದಾರನಿಂದ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಶಾನುಭೋಗರ ಕಡತದಲ್ಲಿ ಮರಾಠಿ, ಅಮಲ್ದಾರನ ಮುಂದೆ ಹಿಂದೂಸ್ತಾನಿ. ಹದಿನೆಂಟನೆಯ ಶತಮಾನದ ಈ ನಾಡು ಹಾಗಿತ್ತು.

ಘೋರ್ಪಡೆಯವರದು ಶಿವಾಜಿಯ ವಂಶದಷ್ಟೇ ಅಭಿಮಾನದ ಮನೆತನ. ಉಡಕ್ಕೆ ಮರಾಠಿಯಲ್ಲಿ ಘೋರ್ಪಡ ಎಂದು ಹೆಸರು. ಇವರ ಪೂರ್ವಿಕನೊಬ್ಬನು ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದು ಗೋಡೆಗೆ ಕಚ್ಚಿಕೊಂಡಾಗ ಹಗ್ಗ ಹಿಡಿದು ಕೋಟೆ ಹತ್ತಿದನಂತೆ. ಅದರಿಂದ ಈ ಹೆಸರು ಎಂಬುದು ಐತಿಹ್ಯ. ಉಡದ ಪಟ್ಟು ಎಂಬ ಮಾತು ಕನ್ನಡದಲ್ಲೂ ಇದೆಯಷ್ಟೆ! ಔರಂಗಜೇಬನ ಸೇನೆಯನ್ನು ಗೋಳುಗುಟ್ಟಿಸಿದ ಸೇನಾಪತಿ ಸಂತಾಜಿ ಘೋರ್ಪಡೆ ಈ ಮನೆತನದವನು. 1697ರಲ್ಲಿ ಅವನು ಸ್ವಜನರ ವೈರದಿಂದಲೇ ಹತನಾದನು. ಆಮೇಲೆ ಈ ವಂಶದವರು ಮಹಾರಾಷ್ಟ್ರದ ದರ್ಬಾರಿಗೆ ಬೆನ್ನು ತಿರುಗಿಸಿ ತುಂಗಭದ್ರೆಯ ದಕ್ಷಿಣಕ್ಕೆ ಸರಿದರು. ಸೊಂಡೂರನ್ನು ಬೇಡ ನಾಯಕರಿಂದ ಕಿತ್ತುಕೊಂಡರು. ಗುತ್ತಿಯಲ್ಲಿ ನೆಲೆ ಮಾಡಿದರು. ಪುಣೆಯ ಪೇಶ್ವೆಗಳಿಗೆ ಇವರು ಬಂಧುಗಳೂ ಅಲ್ಲ, ಆಳುಗಳೂ ಅಲ್ಲ. ಬೇಕಾದಾಗ ನಮಸ್ಕಾರ, ಬೇಡವಾದಾಗ ಕತ್ತಿ.

ಗುತ್ತಿಯ ವಿಚಾರವಾಗಿ ಒಂದು ಮಾತು. ಈಗ ಅದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದೆ. ಆದರೆ ಆ ದುರ್ಗದ ಬಂಡೆಗಳ ಮೇಲೆ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಗುತ್ತಿ ನಮಗೆ ಹೊರಗಿನ ಊರು ಎಂದು ಭಾವಿಸುವವರು ಆ ಶಾಸನಗಳನ್ನು ನೆನೆಯಬೇಕು. ಕುದುರೆಲಾಳದಂತೆ ಬಾಗಿ ನಿಂತ ಗುಡ್ಡಗಳ ಸಾಲು, ಅವನ್ನು ಹೆಣೆದ ಗೋಡೆಗಳು, ನಡುವೆ ಪೇಟೆ, ಒಂದು ಕಡೆ ನೆಟ್ಟಗೆ ಎದ್ದ ಮೇಲುದುರ್ಗ. ಮೇಲುದುರ್ಗದ ಅಂಚಿನಲ್ಲಿ, ಪಾತಾಳದಂಥ ಪ್ರಪಾತದ ಮೇಲೆ ನಯವಾದ ಗಾರೆಯ ಚಿಕ್ಕ ಮಂಟಪವೊಂದಿದೆ. ಅದಕ್ಕೆ ಮುರಾರಿರಾಯನ ಗದ್ದಿಗೆ ಎಂದೇ ಹೆಸರು. ಅಲ್ಲಿ ಕುಳಿತು ಅವನು ಚದುರಂಗವಾಡುತ್ತಿದ್ದನೆಂದೂ ಅಪರಾಧಿಗಳನ್ನು ಪ್ರಪಾತಕ್ಕೆ ತಳ್ಳಿಸಿ ನೋಡುತ್ತಿದ್ದನೆಂದೂ ಜನ ಹೇಳುವರು. ಎರಡನೆಯ ಮಾತನ್ನು ಪ್ರತಿಯೊಂದು ದುರ್ಗದ ಪ್ರತಿಯೊಬ್ಬ ಒಡೆಯನ ಮೇಲೂ ಹೇಳುವುದು ವಾಡಿಕೆ. ನಂದಿಯಲ್ಲಿ ಅದೇ ಕಥೆಯನ್ನು ಟಿಪ್ಪುವಿನ ಹೆಸರಿಗೆ ಕಟ್ಟಿದ್ದಾರೆ. ಚದುರಂಗದ ಮಾತನ್ನು ಮಾತ್ರ ನಾನು ನಂಬಲು ಸಿದ್ಧ, ಅವನ ಬಾಳನ್ನು ನೋಡಿದರೆ.

ಮುರಾರಿರಾಯನ ಹೆಸರು ದಕ್ಷಿಣದಲ್ಲೆಲ್ಲ ಹಬ್ಬಿದ್ದು 1741ರಲ್ಲಿ. ಆ ವರ್ಷ ರಘೂಜಿ ಭೋಂಸಲೆಯ ಮರಾಠಾ ದಂಡು ತಿರುಚನಾಪಳ್ಳಿಯನ್ನು ಹಿಡಿದು, ಅಲ್ಲಿದ್ದ ಚಂದಾಸಾಹೇಬನನ್ನು ಸತಾರೆಗೆ ಸೆರೆಯೊಯ್ದಿತು. ಕೋಟೆಯನ್ನು ಕಾಯಲು ಹದಿನಾಲ್ಕು ಸಾವಿರ ಜನರೊಡನೆ ನಿಂತವನು ಮುರಾರಿರಾಯ. ಎರಡು ವರ್ಷಗಳ ಮೇಲೆ, 1743ರಲ್ಲಿ, ಹೈದರಾಬಾದಿನ ನಿಜಾಮುಲ್ಮುಲ್ಕನು ಕಡಲಿನಂಥ ಸೇನೆಯೊಡನೆ ಬಂದು ಮುತ್ತಿದಾಗ ಇವನು ಕೋಟೆಯನ್ನು ಬಿಟ್ಟುಕೊಟ್ಟನು. ಬರಿಗೈಯಲ್ಲಿ ಬಿಡಲಿಲ್ಲ, ಗುತ್ತಿಯ ಒಡೆತನವನ್ನು ನಿಜಾಮನಿಂದ ಒಪ್ಪಿಸಿಕೊಂಡೇ ಹೊರಟನು. ಸೋಲನ್ನು ಲಾಭಕ್ಕೆ ಮಾರುವ ಈ ವಿದ್ಯೆ ಅವನಿಗೆ ಕೊನೆಯವರೆಗೂ ಕೈಹಿಡಿಯಿತು. ಕೊನೆಯದೊಂದು ಸಲ ಮಾತ್ರ ಹಿಡಿಯಲಿಲ್ಲ.

ಮುಂದಿನ ಹತ್ತು ವರ್ಷಗಳು ಕರ್ನಾಟಕ ಯುದ್ಧಗಳ ಕಾಲ. ಇಂಗ್ಲಿಷರು, ಫ್ರೆಂಚರು, ಆರ್ಕಾಟಿನ ಇಬ್ಬರು ನವಾಬರು, ಮೈಸೂರಿನ ದಳವಾಯಿ, ತಂಜಾವೂರಿನ ರಾಜ ಎಲ್ಲರೂ ಒಂದೇ ಅಂಗಳದಲ್ಲಿ. ಇವರಲ್ಲಿ ಮುರಾರಿರಾಯನ ಕುದುರೆಪಡೆಯನ್ನು ಬಾಡಿಗೆಗೆ ಬೇಡದವರು ವಿರಳ. 1751ರಲ್ಲಿ ಮೈಸೂರಿನ ನಂಜರಾಜಯ್ಯನ ಹಣದಿಂದ ಅವನು ಮಹಮದಾಲಿಯ ಪಕ್ಷಕ್ಕೆ ಬಂದನು. ಬಂದವನು ಆರು ಸಾವಿರ ಕುದುರೆಯೊಡನೆ ಘಟ್ಟದ ಬಾಯಲ್ಲಿ ಸುಮ್ಮನೆ ಕುಳಿತನು. ಆರ್ಕಾಟಿನ ಕೋಟೆಯೊಳಗೆ ಕ್ಲೈವನು ಹಿಡಿಯಷ್ಟು ಜನರೊಡನೆ ಐವತ್ತು ದಿನ ತಾಳಿದ ಸುದ್ದಿ ಬಂದ ಮೇಲಷ್ಟೇ ಅವನ ಕುದುರೆಗಳ ಕಾಲು ಎದ್ದಿತು. ಗೆಲ್ಲುವವನಾರೆಂದು ತಿಳಿಯುವವರೆಗೂ ಕಾಯುವುದು ಅವನ ನೀತಿ. ನಂಜರಾಜಯ್ಯನಿಗೆ ತಿರುಚನಾಪಳ್ಳಿಯನ್ನು ಕೊಡುವೆನೆಂದು ಮಾತುಕೊಟ್ಟು ಮಹಮದಾಲಿ ತಪ್ಪಿದಾಗ, ಮೈಸೂರಿನವರು ಫ್ರೆಂಚರ ಕಡೆಗೆ ವಾಲಿದರು, ಮುರಾರಿರಾಯನೂ ವಾಲಿದನು. 1754ರಲ್ಲಿ ಇಂಗ್ಲಿಷರ ಸಾಮಾನಿನ ದಂಡೊಂದನ್ನು ತಿರುಚನಾಪಳ್ಳಿಯ ಬಳಿ ನುಚ್ಚುನೂರು ಮಾಡಿದ ಕುದುರೆಗಳಲ್ಲಿ ಇವನವೂ ಇದ್ದುವು, ಮೈಸೂರು ಸೇನೆಯ ಒಬ್ಬ ಚಿಕ್ಕ ಸರದಾರನವೂ ಇದ್ದುವು. ಆ ಚಿಕ್ಕ ಸರದಾರನೇ ಹೈದರಾಲಿ. ಮುಂದೆ ಒಬ್ಬರನ್ನೊಬ್ಬರು ಬೇಟೆಯಾಡಿದ ಇಬ್ಬರು ಅಂದು ಒಂದೇ ಕಡೆಯಿಂದ ದುಮುಕಿದರು.

ಈ ಚರಿತ್ರೆಯನ್ನು ಬರೆದ ಇಂಗ್ಲಿಷರಲ್ಲಿ ರಾಬರ್ಟ್ ಓರ್ಮನು ಮುರಾರಿರಾಯನ ದಂಡನ್ನು ಬಹಳವಾಗಿ ಹೊಗಳಿದ್ದಾನೆ. ಅಷ್ಟು ಶಿಸ್ತು, ಅಷ್ಟು ಕೆಚ್ಚು ಬೇರೆ ದೇಶೀ ದಂಡಿನಲ್ಲಿರಲಿಲ್ಲವಂತೆ. ಕಾರಣ ಸರಳವಾದದ್ದು. ಲೂಟಿಯಲ್ಲಿ ಇಷ್ಟು ಪಾಲು ಒಡೆಯನಿಗೆ, ಇಷ್ಟು ಆಳಿಗೆ ಎಂಬ ಗೊತ್ತುಪಾಡಿತ್ತು. ಕೊಟ್ಟ ಪಾಲನ್ನು ಅವನು ಕಿತ್ತುಕೊಳ್ಳುತ್ತಿರಲಿಲ್ಲ. ತಿಂಗಳು ತಿಂಗಳು ಸಂಬಳ ಬಾಕಿಯಿಟ್ಟು ದಂಡಿನವರಿಂದಲೇ ಧರಣಿ ಕೂರಿಸಿಕೊಂಡ ದಳವಾಯಿಗಳಿಗೂ ಇವನಿಗೂ ಇದ್ದ ಅಂತರ ಇದು.

ನಮ್ಮ ಹಳಗನ್ನಡದಲ್ಲಿ ಜೋಳವಾಳಿ ಎಂಬ ಸೊಗಸಾದ ಮಾತೊಂದುಂಟು. ಒಡೆಯನ ಜೋಳವನ್ನು ಉಂಡವನು ಆ ಋಣಕ್ಕೆ ಪ್ರಾಣವನ್ನು ತೆರುವುದು ಅದರ ಅರ್ಥ. ಪಂಪನ ಕರ್ಣನನ್ನು ಕುರಿತು ಪಾಠ ಹೇಳುವಾಗಲೆಲ್ಲ ಈ ಮಾತನ್ನು ಬಿಡಿಸಿ ಹೇಳದೆ ನಮ್ಮಂಥವರಿಗೆ ಗತಿಯಿಲ್ಲ. ಮುರಾರಿರಾಯನನ್ನು ಈ ಅಳತೆಗೋಲಿನಿಂದ ಅಳೆದರೆ ಅವನು ನಿಲ್ಲುವುದಿಲ್ಲ. ಯಾರ ಜೋಳವನ್ನೂ ಅವನು ಋಣವೆಂದು ಉಣ್ಣಲಿಲ್ಲ, ಕೂಲಿಯೆಂದೇ ಉಂಡನು. ಆದರೆ ಅವನ ಜೋಳವನ್ನು ಉಂಡ ಸವಾರರು ಮೂವತ್ತು ವರ್ಷ ಅವನನ್ನು ಬಿಡಲಿಲ್ಲ. ಜೋಳವಾಳಿ ಮೇಲಕ್ಕೆ ಇರಲಿಲ್ಲ, ಕೆಳಕ್ಕಿತ್ತು. ಇದನ್ನು ಮರೆತು ಅವನನ್ನು ಬರಿಯ ಲೂಟಿಕಾರನೆಂದು ಹೀಗಳೆಯುವುದು ನ್ಯಾಯವಲ್ಲ.

ಅದೇ ಶತಮಾನದಲ್ಲಿ ದೂರದ ಪೋಲೆಂಡಿನಲ್ಲೂ ಇಂಥ ಪ್ರಭುಗಳಿದ್ದರು. ಸ್ವಂತ ಕೋಟೆ, ಸ್ವಂತ ಕುದುರೆಪಡೆ, ಸ್ವಂತ ರಾಜನೀತಿ. ಅರಸನನ್ನು ಆರಿಸುವವರೂ ತಾವೇ, ಅವನ ಮಾತನ್ನು ಮೀರುವವರೂ ತಾವೇ. ನೆರೆಯ ಮೂರು ದೊಡ್ಡ ರಾಜ್ಯಗಳು 1772ರಲ್ಲಿ ಆ ದೇಶವನ್ನು ಹಂಚಿಕೊಳ್ಳತೊಡಗಿ 1795ರಲ್ಲಿ ಪೂರ್ತಿ ಮುಗಿಸಿದುವು. ಗುತ್ತಿಯನ್ನು ನುಂಗಿದ್ದೂ ಬೆಳೆಯುತ್ತಿದ್ದ ದೊಡ್ಡ ರಾಜ್ಯವೇ. ಅಂಥ ರಾಜ್ಯಗಳ ನಡುವೆ ಯಾರಿಗೂ ಸೇರದೆ ಬಾಳುವ ಪ್ರಭುವಿಗೆ ಆ ಕಾಲದಲ್ಲಿ ಎಲ್ಲೂ ಎಡೆಯಿರಲಿಲ್ಲ.

1756ರಲ್ಲಿ ಇದರ ಮುನ್ಸೂಚನೆ ಸಿಕ್ಕಿತ್ತು. ಪೇಶ್ವೆ ಬಾಲಾಜಿ ಬಾಜಿರಾಯನು ಸವಣೂರಿನ ನವಾಬನನ್ನೂ ಅವನ ಜೊತೆಗಿದ್ದ ಮುರಾರಿರಾಯನನ್ನೂ ಮುತ್ತಿದನು. ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳು ಪೇಶ್ವೆಯ ಕಡೆ. ಮುರಾರಿರಾಯನ ಪೆಟ್ಟಿಗೆಯಲ್ಲಿ ಫ್ರೆಂಚರು ಹಿಂದೆ ಕೊಡಬೇಕಾಗಿದ್ದ ಸಂಬಳದ ಬಾಕಿಯ ಪತ್ರವೊಂದಿತ್ತು. ಅದನ್ನು ಅವನು ಬುಸ್ಸಿಗೆ ಬಿಟ್ಟುಕೊಟ್ಟನು; ಬುಸ್ಸಿ ನಡುವೆ ನಿಂತು ಸಂಧಿ ಮಾಡಿಸಿದನು; ಗುತ್ತಿ ಉಳಿಯಿತು. ವಸೂಲಾಗದ ಸಾಲದ ಕಾಗದದಿಂದ ಒಂದು ದುರ್ಗವನ್ನು ಉಳಿಸಿಕೊಂಡವರು ಚರಿತ್ರೆಯಲ್ಲಿ ಹೆಚ್ಚು ಮಂದಿ ಇರಲಾರರು.

ಇನ್ನು ನಮ್ಮ ಸೀಮೆಗೆ ಬರೋಣ. 1761ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮರಾಠರ ಬೆನ್ನು ಮುರಿಯಿತು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಹೈದರನು ಖಂಡೇರಾಯನನ್ನು ಅಡಗಿಸಿ ಸರ್ವಾಧಿಕಾರಿಯಾದನು. ಒಡನೆಯೇ ಅವನ ಕಣ್ಣು ಉತ್ತರಕ್ಕೆ ಬಿತ್ತು. ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾ ಒಂದಾದ ಮೇಲೊಂದು ಕೈಸೇರಿ, ಸರದಿ ಚಿಕ್ಕಬಳ್ಳಾಪುರಕ್ಕೆ ಬಂದಿತು. ಚಿಕ್ಕಬಳ್ಳಾಪುರದ ಪಾಳೆಯಗಾರರು ಆವತಿ ನಾಡಪ್ರಭುಗಳ ಕವಲು, ಮೊರಸು ಒಕ್ಕಲಿಗರು, ಆ ವೇಳೆಗೆ ಸುಮಾರು ಮೂರು ಶತಮಾನ ಆಳಿದವರು. ಕೋಟೆ ದೃಢವಾಗಿತ್ತು, ಕಾಯುವವರ ಎದೆಯೂ ದೃಢವಾಗಿತ್ತು. ಪಾಳೆಯಗಾರನ ಕರೆಗೆ ಓಗೊಟ್ಟು ಮುರಾರಿರಾಯನು ಗುತ್ತಿಯಿಂದ ಇಳಿದು ಬಂದು ಹೈದರನ ಬೆನ್ನಿಗೆ ತಗುಲಿದನು. ಹೈದರನು ಕಪ್ಪದ ಮಾತಾಡಿ, ಒಪ್ಪಂದ ಮಾಡಿಕೊಂಡು, ದಂಡೆತ್ತಿಕೊಂಡು ದೇವನಹಳ್ಳಿಯ ಕಡೆ ಸರಿದನು.

ಮುಂದೆ ನಡೆದದ್ದು ದೊಡ್ಡ ಪ್ರಮಾದ. ಹೈದರನು ಬೆನ್ನು ತಿರುಗಿಸಿದ್ದೇ ತಡ, ಪಾಳೆಯಗಾರನು ಮಾತನ್ನು ಮುರಿದು ಮುರಾರಿರಾಯನ ಆಳುಗಳನ್ನು ಕೋಟೆಯೊಳಕ್ಕೆ ಸೇರಿಸಿ, ತಾನು ನಂದಿಯ ಬೆಟ್ಟವನ್ನೇರಿ ಕುಳಿತನು. ಹೈದರನು ಬಿರುಗಾಳಿಯಂತೆ ಮರಳಿದನು. ಗುತ್ತಿಯವರನ್ನು ಹೊಡೆದಟ್ಟಿ ಕೋಟೆಯನ್ನು ಲಗ್ಗೆಯಿಂದಲೇ ಹಿಡಿದನು. ಅಲ್ಲಿಗೂ ನಿಲ್ಲಲಿಲ್ಲ. ಕೋಡಿಕೊಂಡ, ಪೆನುಗೊಂಡೆ, ಮಡಕಶಿರಾ ಎಲ್ಲವೂ ಮುರಾರಿರಾಯನ ಕೈಬಿಟ್ಟುವು. ಮೇಲೆ ಕುಳಿತ ನಂದಿಯನ್ನು ಹೈದರನು ಲಗ್ಗೆ ಹತ್ತಲಿಲ್ಲ. ಸುತ್ತ ಕಾವಲಿಟ್ಟು ಹಸಿವಿಗೆ ಒಪ್ಪಿಸಿದನು. ಕೊನೆಗೆ ಅದೂ ಬಿದ್ದಿತು. ಪಾಳೆಯಗಾರನಿಗೆ ನೆರವಾಗಲು ಬಂದವನು ತನ್ನ ಅರ್ಧ ರಾಜ್ಯವನ್ನೇ ತೆತ್ತು ಹಿಂದಿರುಗಿದಂತಾಯಿತು. ಹೈದರ-ಮುರಾರಿರಾಯರ ಹಗೆ ಆ ಬೇಲಿಯಲ್ಲಿ ಹುಟ್ಟಿತು.

ಈ ಕಾಲದಲ್ಲಿ ನಮ್ಮ ಹಳ್ಳಿಗಳ ಪಾಡೇನು? ಕುದುರೆಯ ದಂಡು ಹಾದ ಕಡೆ ರಾಗಿಯ ಬಣವೆ ಉಳಿಯುವುದಿಲ್ಲ. ಅದು ಮಿತ್ರನ ಕುದುರೆಯೋ ಶತ್ರುವಿನ ಕುದುರೆಯೋ ಎಂಬುದು ಬಣವೆಗೆ ಗೊತ್ತಾಗುವುದಿಲ್ಲ. ಕೈವಾರದ ಯೋಗಿ ನಾರಾಯಣಪ್ಪನವರು 1726ರಲ್ಲಿ ಹುಟ್ಟಿ 1836ರವರೆಗೆ ಬಾಳಿದರೆಂಬುದು ಪರಂಪರೆಯ ಲೆಕ್ಕ. ಹಾಗಾದರೆ ತಾತಯ್ಯನವರು ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದ ಹಾದಿಗಳೂ ಈ ದಂಡುಗಳು ತುಳಿದ ಹಾದಿಗಳೂ ಒಂದೇ. ದಂಡು ಬರುವ ಸುದ್ದಿ ಹಬ್ಬಿದ ಊರಿನಲ್ಲಿ ಬಳೆ ತೊಡುವವರಾರು? ಅವರ ತೆಲುಗು-ಕನ್ನಡ ಪದಗಳಲ್ಲಿ ಸಂಸಾರದ ಅನಿತ್ಯತೆಯನ್ನು ಓದುವಾಗ ನಮ್ಮವರು ವೇದಾಂತವನ್ನಷ್ಟೇ ಕಾಣುತ್ತಾರೆ. ಆ ಕಾಲದ ಹಾಳೂರುಗಳನ್ನೂ ಅಲ್ಲಿ ಕಾಣಬಹುದೆಂದು ನನ್ನ ಎಣಿಕೆ.

1764ರಲ್ಲಿ ಪೇಶ್ವೆ ಮಾಧವರಾಯನು ಹೈದರನ ಮೇಲೆ ದಂಡೆತ್ತಿ ಬಂದಾಗ ಮುರಾರಿರಾಯನು ಹಳೆಯ ಮುನಿಸನ್ನು ಬದಿಗಿಟ್ಟು ಅವನನ್ನು ಸೇರಿದನು. ಪ್ರತಿಯಾಗಿ ದೊರೆತದ್ದು ಸೇನಾಪತಿ ಎಂಬ ಬಿರುದು. ಸಂತಾಜಿಯ ಕೊಲೆಯೊಡನೆ ಮನೆತನ ಕಳೆದುಕೊಂಡಿದ್ದುದು ಹೀಗೆ ಮರಳಿ ಬಂದಿತು.

ನಾಲ್ಕು ವರ್ಷಗಳ ಮೇಲೆ, 1768ರಲ್ಲಿ, ಅವನು ಕಾಣಿಸಿಕೊಂಡದ್ದು ಇಂಗ್ಲಿಷರ ಪಾಳೆಯದಲ್ಲಿ. ಮುಳಬಾಗಿಲು, ಕೋಲಾರ, ಹೊಸೂರುಗಳನ್ನು ಹಿಡಿದು ಕರ್ನಲ್ ಸ್ಮಿತ್ತನು ಹೊಸಕೋಟೆಯಲ್ಲಿ ತಂಗಿದ್ದಾಗ ಮೂರು ಸಾವಿರ ಕುದುರೆ, ಎರಡು ಸಾವಿರ ಕಾಲಾಳಿನೊಡನೆ ಮುರಾರಿರಾಯನು ಬಂದು ಕೂಡಿದನು. ಅವನ ಗುಡಾರಗಳು ಇಂಗ್ಲಿಷರ ಪಾಳೆಯದಿಂದ ಸ್ವಲ್ಪ ದೂರದಲ್ಲಿದ್ದುವು. ಅದು ಹೈದರನಿಗೆ ಸಾಕು. ಆಗಸ್ಟ್ ತಿಂಗಳ ಒಂದು ಇರುಳು ಕುದುರೆಪಡೆಯನ್ನು ಮುಂದಿಟ್ಟು, ಕಾಲಾಳನ್ನು ಹಿಂದಿಟ್ಟು ಅವನು ಮುರಾರಿರಾಯನ ಪಾಳೆಯದ ಮೇಲೆ ಕವಿದನು. ಕತ್ತಲೆಯಲ್ಲಿ ಶತ್ರು ಮೇಲೆ ಬಿದ್ದಾಗ ಸವಾರನು ಮೊದಲು ಮಾಡುವ ಕೆಲಸ ಕುದುರೆ ಏರುವುದು. ಮುರಾರಿರಾಯನು ಅದನ್ನೇ ತಡೆದನು. ಯಾರೂ ಕುದುರೆ ಏರಕೂಡದು; ಪ್ರತಿಯೊಬ್ಬನೂ ತನ್ನ ಕುದುರೆಯ ತಲೆಯ ಬಳಿಯಲ್ಲಿ ನೆಲದ ಮೇಲೆ ನಿಲ್ಲಬೇಕು; ಕುದುರೆಯ ಮೇಲೆ ಯಾರು ಕಂಡರೂ ಅವನು ಶತ್ರುವೇ, ಕಡಿಯಿರಿ ಎಂದು ಅಪ್ಪಣೆ ಮಾಡಿದನು. ಮಿತ್ರ ಯಾರು, ಅರಿ ಯಾರು ಎಂಬ ಗೊಂದಲ ಒಂದೇ ಮಾತಿನಲ್ಲಿ ಬಗೆಹರಿಯಿತು. ಸೇನಾನಿಯಾಗಿ ಅವನ ಬೆಲೆ ಎಷ್ಟೆಂದು ತಿಳಿಯಲು ಈ ಅಪ್ಪಣೆಯೊಂದೇ ಸಾಲದೆ?

ಆ ರಾತ್ರಿಯ ಇನ್ನೊಬ್ಬ ವೀರ ಅವನ ಪಟ್ಟದಾನೆ. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು ಈ ಸಂಗತಿಯನ್ನು ಹೇಳಿದ್ದಾನೆ. ಗದ್ದಲದಲ್ಲಿ ಗಾಯಗೊಂಡ ಆನೆ ಗೂಟವನ್ನು ಕಿತ್ತುಕೊಂಡಿತು. ಕಾಲಿನ ಸರಪಣಿಯನ್ನು ಸೊಂಡಿಲಿನಿಂದ ಹಿಡಿದು ಎಡಬಲಕ್ಕೆ ಬೀಸುತ್ತ ಹೈದರನ ಕುದುರೆಗಳ ಗುಂಪಿನೊಳಕ್ಕೇ ನುಗ್ಗಿತು. ಕುದುರೆಗಳು ಹೆದರಿ ಹಿಂದಿದ್ದ ಕಾಲಾಳಿನ ಮೇಲೆ ಬಿದ್ದುವು. ಕಾಲಾಳು ಇದೇನೋ ಹೊಸ ದಾಳಿಯೆಂದು ಓಡಿದರು. ಇಂಗ್ಲಿಷರು ಸಿದ್ಧರಾಗಿ ಬರುವಷ್ಟರಲ್ಲಿ ಮಾಡಲು ಅವರಿಗೆ ಕೆಲಸವೇ ಉಳಿದಿರಲಿಲ್ಲ. ಹೊಸಕೋಟೆಯಿಂದ ಕೈವಾರ ಕ್ರಾಸಿನ ಮೇಲೆ ಚಿಂತಾಮಣಿಗೆ ಬಸ್ಸಿನಲ್ಲಿ ಬರುವವರು ಹೊಸಕೋಟೆಯ ಕೆರೆಯನ್ನು ನೋಡಿದಾಗ ಈ ಆನೆಯನ್ನು ಒಂದು ಸಲ ನೆನೆಯಬಹುದು.

1769ರ ಏಪ್ರಿಲಿನಲ್ಲಿ ಹೈದರನು ಮದರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಸಂಧಿ ಬರೆಸಿಕೊಂಡನು. ಮರುವರ್ಷ ಮಾಧವರಾಯನು ಮತ್ತೆ ಬಂದನು. ಮುರಾರಿರಾಯನು ಮತ್ತೆ ಜೊತೆಗೂಡಿದನು. ಆದರೆ ಮಾಧವರಾಯನು 1772ರ ನವೆಂಬರಿನಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡನು. ಮುಂದಿನ ಆಗಸ್ಟಿನಲ್ಲಿ ಅವನ ತಮ್ಮ ನಾರಾಯಣರಾಯನನ್ನು ಅರಮನೆಯೊಳಗೇ ಕೊಂದರು. ಪುಣೆ ತನ್ನ ಮನೆಯ ಬೆಂಕಿಯಲ್ಲಿ ಬೇಯತೊಡಗಿದಾಗ ಗುತ್ತಿಯ ಬೆನ್ನಿಗಿದ್ದ ಗೋಡೆ ಕುಸಿಯಿತು. ಆಶ್ರಯ ಪಡೆದವನಿಗೆ ಇದು ತಿಳಿಯುವ ಮೊದಲೇ ಹೈದರನಿಗೆ ತಿಳಿಯಿತು.

1775ರ ಕೊನೆಯಲ್ಲಿ ಹೈದರನು ಬಳ್ಳಾರಿಯನ್ನು ವಶಪಡಿಸಿಕೊಂಡು ಅಲ್ಲಿಂದ ನೇರವಾಗಿ ಗುತ್ತಿಗೆ ಬಂದನು. ಹದಿನಾಲ್ಕು ವರ್ಷದ ಲೆಕ್ಕವನ್ನು ತೀರಿಸಲು ಬಂದವನ ಆತುರವಿರಲಿಲ್ಲ, ತಾಳ್ಮೆಯಿತ್ತು. ಪೇಟೆಯೂ ಕೆಳಕೋಟೆಯೂ ಲಗ್ಗೆಗೆ ಬಿದ್ದುವು. ಮುರಾರಿರಾಯನು ಮೇಲುದುರ್ಗಕ್ಕೆ ಸರಿದನು. ಅವನೊಬ್ಬನೇ ಸರಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೆಳಗಿನ ಜನವೂ ದನಕರುಗಳೂ ಮೇಲೇರಿದುವು. ಬಂಡೆಯ ಮೇಲಿನ ದೊಣೆಗಳೇ ಅಲ್ಲಿ ನೀರಿನ ಆಧಾರ. ಮಳೆಗಾಲ ಮುಗಿದಿದೆ, ಕುಡಿಯುವ ಬಾಯಿಗಳು ನೂರ್ಮಡಿಯಾಗಿವೆ. ಕಲ್ಲಿನ ಕೋಟೆಯನ್ನು ಫಿರಂಗಿ ಮುರಿಯದಿದ್ದರೆ ಬಾಯಾರಿಕೆ ಮುರಿಯುತ್ತದೆ.

ಎರಡು ತಿಂಗಳು ಕಳೆದ ಮೇಲೆ ಸಂಧಿಯ ಮಾತು ನಡೆಯಿತು. ಹೈದರನಿಗೂ ದಂಡನ್ನು ಅಲ್ಲೇ ಕೂರಿಸಿಕೊಂಡಿರಲು ಮನಸ್ಸಿರಲಿಲ್ಲ. ಇಂತಿಷ್ಟು ದಂಡ, ಒಂದು ಭಾಗ ಹಣ-ಒಡವೆಗಳಲ್ಲಿ ಕೂಡಲೆ, ಉಳಿದುದಕ್ಕೆ ಒತ್ತೆ ಎಂದು ಗೊತ್ತಾಯಿತು. ಒತ್ತೆಯಾಗಿ ಇಳಿದು ಬಂದವನು ಒಬ್ಬ ಯುವಕ. ವಿಲ್ಕ್ಸನು ಹೇಳುವಂತೆ, ಹೈದರನು ಅವನನ್ನು ಆದರದಿಂದ ಕೂರಿಸಿ, ನಿಮ್ಮವರ ಶೌರ್ಯವೇ ಶೌರ್ಯ ಎಂದು ಹೊಗಳಿ ಮಾತಿಗೆ ಎಳೆದನು. ಎಳೆಯ ಬಾಯಿ ಹಿಗ್ಗಿತು. ಮೇಲೆ ಮೂರೇ ದಿನದ ನೀರು ಉಳಿದಿದೆ, ಇಲ್ಲದಿದ್ದರೆ ನಾವು ಮಣಿಯುವವರಲ್ಲ ಎಂದುಬಿಟ್ಟನು. ಹೈದರನ ಮುಖ ಬದಲಾಗಲಿಲ್ಲ. ಸಂಧಿ ಮಾತ್ರ ಏನೋ ನೆಪದಿಂದ ಮುರಿದುಬಿತ್ತು; ಕಾವಲು ಮತ್ತೆ ಬಿಗಿಯಾಯಿತು. ದೊಣೆಗಳ ತಳ ಕಂಡ ದಿನ ಮುರಾರಿರಾಯನು ಯಾವ ಕರಾರೂ ಇಲ್ಲದೆ ಕೆಳಗಿಳಿದನು. ಅದು 1776ನೆಯ ಇಸವಿ.

ನನಗೆ ಆ ಯುವಕನ ಮೇಲೆ ಸಿಟ್ಟು ಬರುವುದಿಲ್ಲ. ಒಡೆಯನ ಮಾನವನ್ನು ಹೆಚ್ಚಿಸಲೆಂದೇ ಅವನು ಆಡಿದ ಮಾತು ಅದು. ಮೂವತ್ತು ವರ್ಷ ಮಾತಿನ ಮಾರುಕಟ್ಟೆಯಲ್ಲಿ ಗೆದ್ದವನು ತನ್ನವನೊಬ್ಬನ ಅಭಿಮಾನದ ಮಾತಿನಿಂದ ಬಿದ್ದನು.

ಮುರಾರಿರಾಯನನ್ನು ಮೊದಲು ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಕಬ್ಬಾಳದುರ್ಗಕ್ಕೆ ಸಾಗಿಸಿದರು. ಕನಕಪುರ ತಾಲ್ಲೂಕಿನ ಆ ದುರ್ಗ ಒಂಟಿ ಬಂಡೆ. ಅಲ್ಲಿನ ನೀರೇ ವಿಷವೆಂಬ ಅಪಕೀರ್ತಿ ಅದಕ್ಕಿತ್ತು. ಹಿಂದೆ ಹದಿನಾಲ್ಕು ಸಾವಿರದ ದಂಡಿಗೆ ಅನ್ನವಿಟ್ಟವನು ಅಲ್ಲಿ ಸಾಮಾನ್ಯ ಕೈದಿಯ ಊಟ ಉಂಡನು, ಬಹುಕಾಲ ಬದುಕಲಿಲ್ಲ. ಗುತ್ತಿಯ ಹಿಂದೆಯೇ ಸೊಂಡೂರೂ ಹೈದರನ ಪಾಲಾಯಿತು.

ಆದರೆ ಉಡದ ಪಟ್ಟು ಪೂರ್ತಿ ಸಡಿಲಲಿಲ್ಲ. 1790ರ ಸುಮಾರಿಗೆ ಘೋರ್ಪಡೆಯವರು ಸೊಂಡೂರನ್ನು ಮತ್ತೆ ಹಿಡಿದರು. ಹೈದರನ ವಂಶದ ರಾಜ್ಯ 1799ರಲ್ಲಿ ಮುಗಿದ ಮೇಲೂ ಸೊಂಡೂರಿನ ಚಿಕ್ಕ ಸಂಸ್ಥಾನ ನೂರೈವತ್ತು ವರ್ಷ ನಡೆದು, 1949ರಲ್ಲಿ ಭಾರತದಲ್ಲಿ ಸೇರಿತು. ಗುತ್ತಿಯ ಮೇಲುದುರ್ಗದ ದೊಣೆಗಳಲ್ಲಿ ಮಳೆಗಾಲದ ನೀರು ಈಗಲೂ ನಿಲ್ಲುತ್ತದೆ. ರೈಲಿನಲ್ಲಿ ಗುಂತಕಲ್ಲಿನ ಕಡೆ ಹೋಗುವ ವಾಚಕರು ಗುತ್ತಿಯಲ್ಲಿ ಇಳಿದು, ಬೆಳಗಿನ ತಂಪಿನಲ್ಲಿ ಹತ್ತುವುದು ಒಳ್ಳೆಯದು. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.